ದೊಡ್ಡ ಪವರ್ ಇದ್ದರೂ ಗ್ಯಾರಡೋಸ್ ಯಾಕೆ ಸೋಲುತ್ತದೆ?

ಪ್ರಶ್ನೆ: ಪೋಕೆಮಾನ್ ಸ್ಕಾರ್ಲೆಟ್ ಆಡುತ್ತಿದ್ದೇನೆ ಸರ್. ನನ್ನ ಪೋಕೆಮಾನ್ ಗ್ಯಾರಡೋಸ್‌ಗೆ ಹೈಡ್ರೋ ಪಂಪ್, ಫೈರ್ ಬ್ಲಾಸ್ಟ್, ಥಂಡರ್, ಹೈಪರ್ ಬೀಮ್ ಎಂಬ ಮೂವ್‌ಗಳನ್ನು (ಹೊಡೆತಗಳನ್ನು) ಕಲಿಸಿದ್ದೇನೆ. ನಾಲ್ಕೂ ಭಾರೀ ಪವರ್‌ನವು. ಆದರೂ ತಮ್ಮನ ಕೈಲಿ ಸೋಲುತ್ತಲೇ ಇದ್ದೇನೆ. ಅವನ ಮೂವ್‌ಗಳೆಲ್ಲ 80, 90 ಪವರ್‌ನವು. ಎಲ್ಲಿ ಎಡವುತ್ತಿದ್ದೇನೆ?
— ಓದುಗ, ದಾವಣಗೆರೆ

ಉತ್ತರ: ನಿಮ್ಮ ತಮ್ಮ ಜಾಣ. ನೀವು ಪವರ್ ನೋಡುತ್ತಿದ್ದೀರಿ, ಅವನು ಬಹುಶಃ ಟರ್ನ್ ಎಣಿಸುತ್ತಿದ್ದಾನೆ.

ಗ್ಯಾರಡೋಸ್‌ನ ಬೇಸ್ ಅಟ್ಯಾಕ್ 125. ಸ್ಪೆಷಲ್ ಅಟ್ಯಾಕ್ ಬರೀ 60. ಫಿಸಿಕಲ್ ಮೂವ್‌ಗೆ ಅಟ್ಯಾಕ್, ಸ್ಪೆಷಲ್ ಮೂವ್‌ಗೆ ಸ್ಪೆಷಲ್ ಅಟ್ಯಾಕ್ ಲೆಕ್ಕಕ್ಕೆ ಬರುತ್ತದೆ. ನೀವು ಆರಿಸಿದ ನಾಲ್ಕೂ ಸ್ಪೆಷಲ್ ಮೂವ್‌ಗಳೇ! ಅಂದರೆ ಅದರ ನಿಜವಾದ ಬಲ ಒಂದು ಸಲವೂ ಕೆಲಸಕ್ಕೆ ಬಂದಿಲ್ಲ.

ಎದುರಿಗೆ ಗ್ರಾಸ್ ಟೈಪ್ ಇದೆ ಅಂದುಕೊಳ್ಳಿ. ಅದಕ್ಕೆ ಬೆಂಕಿ, ಐಸ್ ಎರಡರ ಪೆಟ್ಟೂ ದುಪ್ಪಟ್ಟು. ಫೈರ್ ಬ್ಲಾಸ್ಟ್ ಪವರ್ 110, ದುಪ್ಪಟ್ಟಾದರೆ 220. ಐಸ್ ಫ್ಯಾಂಗ್ ಫಿಸಿಕಲ್ ಮೂವ್, ಪವರ್ 65, ದುಪ್ಪಟ್ಟಾದರೆ 130. ನೋಡೋಕೆ ಫೈರ್ ಬ್ಲಾಸ್ಟೇ ದೊಡ್ಡದು, ಅಲ್ವಾ? ಈಗ ಮೊದಲನೆಯದನ್ನು 60ರಿಂದ, ಎರಡನೆಯದನ್ನು 125ರಿಂದ ಗುಣಿಸಿ. 13,200 ಮತ್ತು 16,250. ಎದುರಾಳಿಯ ಡಿಫೆನ್ಸ್, ಸ್ಪೆಷಲ್ ಡಿಫೆನ್ಸ್ ಎರಡೂ ಹೆಚ್ಚುಕಡಿಮೆ ಒಂದೇ ಇದ್ದರೆ ಐಸ್ ಫ್ಯಾಂಗೇ ಜೋರಾಗಿ ಕಚ್ಚುತ್ತದೆ. ಅದರ ಅಕ್ಯುರಸಿ (ನೂರಕ್ಕೆ ಎಷ್ಟು ಸಲ ತಾಗುತ್ತದೆ ಅನ್ನುವುದು) 95, ಫೈರ್ ಬ್ಲಾಸ್ಟ್‌ನದು 85. ಎದುರಿಗೆ ಡ್ರ್ಯಾಗನ್, ಫ್ಲೈಯಿಂಗ್ ಎರಡೂ ಟೈಪ್ ಆಗಿರುವ ಡ್ರ್ಯಾಗನೈಟ್ ಬಂದರಂತೂ ಐಸ್ ಪೆಟ್ಟು ನಾಲ್ಕು ಪಟ್ಟು.

ನೀರಿನ ಮೂವ್ ಬೇಕಾದರೆ ವಾಟರ್‌ಫಾಲ್ ಇಟ್ಟುಕೊಳ್ಳಿ, ಅದೂ ಈಗ ಫಿಸಿಕಲ್ಲೇ. ಪವರ್ 80. ಗ್ಯಾರಡೋಸ್ ಕೂಡ ವಾಟರ್ ಟೈಪ್ ಆದ್ದರಿಂದ ಒಂದೂವರೆ ಪಟ್ಟು, 120 ಆಗುತ್ತದೆ. ಹಳೇ ಆಟಗಳಲ್ಲಿ ಲೆಕ್ಕ ಬೇರೆ ಇತ್ತು. 2006ರಲ್ಲಿ ಡೈಮಂಡ್, ಪರ್ಲ್ ಬರುವವರೆಗೆ ವಾಟರ್ ಮೂವ್‌ಗಳೆಲ್ಲ ಸ್ಪೆಷಲ್ಲೇ. ಆಗಿನ ಕಾಲದವರು ಕೊಡುವ ಸಲಹೆಯನ್ನು ಈಗಿನ ಆಟಕ್ಕೆ ಹಾಗೇ ಹಚ್ಚಬೇಡಿ.

ಇನ್ನು ಥಂಡರ್. ಪವರ್ 110, ಅಕ್ಯುರಸಿ 70. ಎದುರಾಳಿ ಬೀಳೋಕೆ ಎರಡು ಪೆಟ್ಟು ಬೇಕು ಅಂತಿಟ್ಟುಕೊಳ್ಳಿ. ಎರಡೂ ತಾಗುವ ಸಾಧ್ಯತೆ ನೂರಕ್ಕೆ 49. ನಾಣ್ಯ ಚಿಮ್ಮಿದ ಹಾಗೇ ಆಯ್ತು. 90 ಪವರ್‌ನ ಥಂಡರ್‌ಬೋಲ್ಟ್‌ಗೂ ಎರಡೇ ಪೆಟ್ಟು ಸಾಕು ಎಂದಾದರೆ ಥಂಡರ್‌ನ ಜಾಸ್ತಿ ಪವರ್ ಸುಮ್ನೆ ದಂಡ. ಥಂಡರ್‌ಬೋಲ್ಟ್ ಹೊಡೆದ ಮೇಲೂ ಎದುರಾಳಿ ಕೂದಲೆಳೆಯಲ್ಲಿ ಉಳಿಯುತ್ತಾನೆ, ಥಂಡರ್‌ಗಾದರೆ ಒಂದೇ ಏಟಿಗೆ ಬೀಳುತ್ತಾನೆ ಅನ್ನುವ ಕಡೆ ಮಾತ್ರ ಆ ಜೂಜು ಆಡಬಹುದು. ಮಳೆ ಸುರಿಯುತ್ತಿದ್ದರೆ ಜೂಜೂ ಅಲ್ಲ, ಆಗ ಥಂಡರ್ ಗುರಿ ತಪ್ಪುವುದಿಲ್ಲ. ಆದರೆ ಇದೆಲ್ಲ ಸ್ಪೆಷಲ್ ಅಟ್ಯಾಕ್ ಚೆನ್ನಾಗಿರುವ ಪೋಕೆಮಾನ್‌ಗೆ ಹೇಳುವ ಮಾತು. ಗ್ಯಾರಡೋಸ್‌ಗೆ ಎರಡೂ ಬೇಡ.

ಹೈಪರ್ ಬೀಮ್ ಹೊಡೆದ ಮೇಲೆ ಮುಂದಿನ ಟರ್ನ್ ಕೈಕಟ್ಟಿ ಕೂರಬೇಕು. 150 ಪವರ್ ಎರಡು ಟರ್ನ್‌ಗೆ ಹಂಚಿದರೆ 75. ತೆಗೆದುಬಿಡಿ.

ನಾನಾದರೆ ವಾಟರ್‌ಫಾಲ್, ಐಸ್ ಫ್ಯಾಂಗ್, ಅರ್ತ್‌ಕ್ವೇಕ್ ಇಡುತ್ತೇನೆ. ನಾಲ್ಕನೆಯದು ಹೊಡೆಯದೆ ಬಲ, ವೇಗ ಏರಿಸುವ ಡ್ರ್ಯಾಗನ್ ಡ್ಯಾನ್ಸ್.

ಪ್ರಶ್ನೆ: ಡ್ರ್ಯಾಗನ್ ಡ್ಯಾನ್ಸ್ ಥರದ ಮೂವ್‌ಗೆ ಒಂದು ಟರ್ನ್ ಹಾಳು ಮಾಡೋದಕ್ಕಿಂತ ಆ ಟರ್ನ್‌ನಲ್ಲೂ ಹೊಡೆದರೆ ಒಳ್ಳೆಯದಲ್ಲವಾ?
— ಓದುಗಿ, ಮೈಸೂರು

ಉತ್ತರ: ಒಂದೇ ಏಟಿಗೆ ಬೀಳುವವನ ಮುಂದೆ ಕುಣಿಯುವುದು ದಡ್ಡತನ, ಹೊಡೆದು ಮುಗಿಸಿ. ಮೂರು ಪೆಟ್ಟು ಬೇಕಿದ್ದರೆ ಲೆಕ್ಕ ಬದಲಾಗುತ್ತದೆ. ಒಂದು ಸಲ ಕುಣಿದರೆ ಅಟ್ಯಾಕ್, ಸ್ಪೀಡ್ ಎರಡೂ ಒಂದೂವರೆ ಪಟ್ಟು. ಆಮೇಲೆ ಎರಡೇ ಪೆಟ್ಟು ಸಾಕು. ಹೇಗೆ ಎಣಿಸಿದರೂ ಮೂರೇ ಟರ್ನ್. ಆದರೆ ಏರಿದ ಬಲ, ವೇಗ ಮುಂದಿನ ಎದುರಾಳಿಗೂ ಉಳಿಯುತ್ತದೆ. ಅದೇ ಲಾಭ.

ಎದುರಿಗೆ ಎಲೆಕ್ಟ್ರಿಕ್ ಟೈಪ್ ನಿಂತಿದ್ದಾಗ ಮಾತ್ರ ಕುಣಿಯಬೇಡಿ. ಗ್ಯಾರಡೋಸ್ ವಾಟರ್, ಫ್ಲೈಯಿಂಗ್ ಎರಡೂ ಆಗಿರುವುದರಿಂದ ನಾಲ್ಕು ಪಟ್ಟು ಪೆಟ್ಟು ತಿನ್ನುತ್ತದೆ. ಸ್ಕಾರ್ಲೆಟ್‌ನಲ್ಲಿ ಅದರ ಟೆರಾ ಟೈಪ್ (ಕಾಳಗದ ನಡುವೆ ಬದಲಾಯಿಸಿಕೊಳ್ಳಬಹುದಾದ ಟೈಪ್) ಗ್ರೌಂಡ್ ಇದ್ದರೆ ಮಾತು ಬೇರೆ. ಟೆರಾ ಮಾಡಿ ಕುಣಿಯಿರಿ, ಎಲೆಕ್ಟ್ರಿಕ್ ಮೂವ್ ತಾಗುವುದೇ ಇಲ್ಲ. ಮುಂದಿನ ಟರ್ನ್‌ಗೆ ಅರ್ತ್‌ಕ್ವೇಕ್ ಹೇಗೂ ಇದೆಯಲ್ಲ.