ಅಕ್ಕಾರ ಉತ್ತರ: ಗೂಗಲ್‌ನಲ್ಲಿ ಸಿಕ್ಕಿದ್ದನ್ನೆಲ್ಲ ನಂಬಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಒಂದೇ ವಿಷಯ ಜಾಸ್ತಿ. ಸಮಾಜಕಾರ್ಯ ಓದುವವರು, ಸಂಸ್ಥೆಗಳಲ್ಲಿ ದುಡಿಯುವವರು, ಊರಲ್ಲಿ ನಾಲ್ಕು ಜನರ ಅರ್ಜಿ ತುಂಬಿಕೊಡುವವರು, ಎಲ್ಲರದೂ ಹೆಚ್ಚುಕಡಿಮೆ ಇದೇ ಪ್ರಶ್ನೆ: ಇಂಟರ್ನೆಟ್‌ನಲ್ಲಿ ಇಷ್ಟೊಂದು ಮಾಹಿತಿ ಬಿದ್ದಿದೆ, ಇದರಲ್ಲಿ ಯಾವುದನ್ನು ನಂಬೋದು? ಅದಕ್ಕೇ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ, ಬೇಜಾರಾಗಬೇಡಿ.

ಅಕ್ಕಾರ, ನಮಸ್ಕಾರ. ನಾನು ಎಂ.ಎಸ್.ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಎರಡನೇ ವರ್ಷ. ವಿಕಲಚೇತನ ಮಹಿಳೆಯರ ಬಗ್ಗೆ ಡಿಸರ್ಟೇಶನ್ ಮಾಡುತ್ತಿದ್ದೇನೆ. ಗೂಗಲ್ ಮಾಡಿದರೆ ರಾಶಿ ಪಿಡಿಎಫ್ ಬರುತ್ತವೆ. ಒಂದರಲ್ಲಿ ಅಂಗವೈಕಲ್ಯದ ವಿಧಗಳು 7 ಅಂತಿದೆ, ಇನ್ನೊಂದರಲ್ಲಿ 21. ಸೀನಿಯರ್‌ಗಳು ಝೆರಾಕ್ಸ್ ಅಂಗಡಿಯ ನೋಟ್ಸ್ ಸಾಕು ಬಿಡು ಅಂತಾರೆ. ನಾನು ಎಲ್ಲಿಂದ ಶುರು ಮಾಡಲಿ?
– ವಿದ್ಯಾರ್ಥಿನಿ, ಧಾರವಾಡ

ತಂಗಿ, ಎರಡೂ ಪಿಡಿಎಫ್ ಸುಳ್ಳಲ್ಲ. 7 ಅನ್ನೋದು 1995ರ ಕಾಯ್ದೆಯ ಲೆಕ್ಕ, 21 ಅನ್ನೋದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯದು. ಮೊದಲನೆಯದು ಹಳೆಯದಾಯಿತು, ಆದರೆ ಗೂಗಲ್‌ನಿಂದ ಅದನ್ನು ಯಾರೂ ತೆಗೆದಿಲ್ಲ. ಪಿಡಿಎಫ್ ತೆರೆದ ಕೂಡಲೇ ಎರಡು ವಿಷಯ ನೋಡಿ, ಯಾರು ಬರೆದದ್ದು, ಯಾವ ವರ್ಷದ್ದು. ಇವೆರಡೂ ಸಿಗದಿದ್ದರೆ ಮುಚ್ಚಿಬಿಡಿ, ಎಷ್ಟೇ ಚೆನ್ನಾಗಿರಲಿ. ನಮ್ಮ ಕೆಲಸದಲ್ಲಿ ಹಳೇ ಮಾಹಿತಿ ಹೊಡೆಯುವುದು ನಮಗಲ್ಲ, ನಮ್ಮ ಮುಂದೆ ಕೂತವರಿಗೆ. ಆತ್ಮಹತ್ಯೆಗೆ ಪ್ರಯತ್ನಿಸಿದವರ ಮನೆಗೆ ಹೋಗಿ, ಹಳೇ ನೋಟ್ಸ್ ಓದಿಕೊಂಡವರೊಬ್ಬರು "ಇದು ಅಪರಾಧ, ಪೊಲೀಸ್ ಕೇಸ್ ಆಗುತ್ತೆ" ಅಂದುಬಿಟ್ಟರೆ ಆ ಮನೆಯವರು ಆಸ್ಪತ್ರೆಗೆ ಕರೆದುಕೊಂಡು ಹೋಗುವುದಕ್ಕೂ ಹೆದರುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ, ಹಾಗಲ್ಲ ಅಂತ ಸಾಬೀತಾಗದ ಹೊರತು, ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಂತೂ ಆತ್ಮಹತ್ಯೆ ಪ್ರಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮೇ ಇಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ತರಲು ಹಾಗೆ ಮಾಡುವುದು ಬೇರೆ ವಿಷಯ, ಅದಕ್ಕೆ ಬೇರೆ ಕಲಂ ಇದೆ. ಝೆರಾಕ್ಸ್ ಅಂಗಡಿಯ ನೋಟ್ಸ್‌ನಲ್ಲಿ ಇದೆಲ್ಲ ತಿದ್ದಿರುತ್ತಾರಾ? ನೀವೇ ಹೋಗಿ ನೋಡಿ.

ಇನ್ನು ಎಲ್ಲಿಂದ ಶುರು ಮಾಡೋದು. ಪಾಠಕ್ಕೆ ಇಗ್ನೋ (ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ) ನಡೆಸುವ ಇ-ಜ್ಞಾನಕೋಶ ತಾಣ ನೋಡಿ. ಎಂ.ಎಸ್.ಡಬ್ಲ್ಯೂ ಪುಸ್ತಕಗಳು ಘಟಕ ಘಟಕವಾಗಿ ಅಲ್ಲಿ ಸಿಗುತ್ತವೆ, ದುಡ್ಡಿಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ಇ-ಪಿಜಿ ಪಾಠಶಾಲೆಯಲ್ಲೂ ಸಮಾಜಕಾರ್ಯದ ಪಾಠಗಳಿವೆ. ಕೇಸ್ ವರ್ಕ್, ಗ್ರೂಪ್ ವರ್ಕ್ ಅಂತ ಬುಡದಿಂದ ತಿಳಿಯಲು ಇವೆರಡು ಸಾಕು. ಆದರೆ ಕಾಯ್ದೆಯ ವಿಷಯ ಬಂದಾಗ ಇವನ್ನೂ ನೆಚ್ಚಿಕೊಳ್ಳಬೇಡಿ, ಬರೆದು ವರ್ಷಗಳಾಗಿರುತ್ತವೆ. ಕಾಯ್ದೆಗೆ ಇಂಡಿಯಾ ಕೋಡ್ ಅನ್ನುವ ಸರ್ಕಾರಿ ತಾಣವೇ ಸರಿ. ಕರ್ನಾಟಕದ ಕಾಯ್ದೆಗಳಾದರೆ ನಮ್ಮ ರಾಜ್ಯದ ಸಂಸದೀಯ ವ್ಯವಹಾರಗಳ ಇಲಾಖೆಯ ತಾಣದಲ್ಲಿ ಕನ್ನಡದಲ್ಲೇ ಇವೆ.

ಶೋಧಗಂಗಾ ಗೊತ್ತಲ್ವಾ? ದೇಶದ ಪಿಎಚ್.ಡಿ ಪ್ರಬಂಧಗಳೆಲ್ಲ ಬಂದು ಬೀಳುವ ಜಾಗ, ನಿಮ್ಮ ಕರ್ನಾಟಕ ವಿಶ್ವವಿದ್ಯಾಲಯದವೂ ಇವೆ. ಹೆಚ್ಚಿನ ವಿದ್ಯಾರ್ಥಿಗಳು ಅಲ್ಲಿ ಹೋಗಿ ಮೊದಲ ಅಧ್ಯಾಯ ಓದಿ ಬರುತ್ತಾರೆ, ಅದರಿಂದ ಅಷ್ಟೇನೂ ಸಿಗುವುದಿಲ್ಲ. ನೀವು ಹಿಂದಿನಿಂದ ತೆರೆಯಿರಿ. ಕೊನೆಯಲ್ಲಿ ಅನುಬಂಧ ಅಂತ ಇರುತ್ತೆ, ಅದರಲ್ಲಿ ಆ ಸಂಶೋಧಕರು ಜನರ ಮುಂದೆ ಹಿಡಿದುಕೊಂಡು ಹೋದ ಪ್ರಶ್ನಾವಳಿ ಪೂರ್ತಿ ಸಿಗುತ್ತೆ. ಯಾವ ಪ್ರಶ್ನೆ ಹೇಗೆ ಕೇಳಿದ್ದಾರೆ, ಆದಾಯ ಕೇಳುವ ಮೊದಲು ಏನು ಕೇಳಿದ್ದಾರೆ, ಮನೆಯೊಳಗಿನ ಹೊಡೆತ ಬಡಿತದ ವಿಷಯಕ್ಕೆ ಹೇಗೆ ಬಂದಿದ್ದಾರೆ, ಇದನ್ನು ಐದಾರು ಪ್ರಬಂಧಗಳಲ್ಲಿ ಪಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ಪ್ರಶ್ನಾವಳಿ ತಾನಾಗೇ ಗಟ್ಟಿಯಾಗುತ್ತೆ. ಎತ್ತಿ ಅಂಟಿಸಬೇಡಿ ಮತ್ತೆ. ಯುಜಿಸಿ 2018ರ ನಿಯಮದ ಪ್ರಕಾರ 10%ಗಿಂತ ಜಾಸ್ತಿ ಹೋಲಿಕೆ ಬಂದರೆ ತೊಂದರೆ ಶುರು.

ಜರ್ನಲ್ ಲೇಖನ ತೆರೆದರೆ ದುಡ್ಡು ಕೇಳುತ್ತೆ ಅಂತ ಕೈಬಿಡುವವರು ಬಹಳ. ಮೊದಲು ಲೈಬ್ರರಿಯವರನ್ನು ಕೇಳಿ. 2025ರ ಜನವರಿಯಿಂದ ಕೇಂದ್ರ ಸರ್ಕಾರದ 'ಒಂದು ದೇಶ ಒಂದು ಚಂದಾ' ಯೋಜನೆಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ತೆರೆದಿವೆ. ಸೇಜ್, ಟೇಲರ್ ಅಂಡ್ ಫ್ರಾನ್ಸಿಸ್ ಕೂಡ ಅದರಲ್ಲಿವೆ, ಸಮಾಜಕಾರ್ಯದ ಹಲವು ಒಳ್ಳೆಯ ಜರ್ನಲ್‌ಗಳು ಬರುವುದು ಅವರಿಂದ. ನಿಮ್ಮದು ಅನುದಾನಿತ ಕಾಲೇಜಾದರೆ ಎನ್-ಲಿಸ್ಟ್ (ಕಾಲೇಜುಗಳಿಗೆ ಇ-ಪುಸ್ತಕ, ಜರ್ನಲ್ ಒದಗಿಸುವ ವ್ಯವಸ್ಥೆ) ಲಾಗಿನ್ ಇದೆಯಾ ಅಂತ ಕೇಳಿ. ಎಷ್ಟೋ ಕಡೆ ಲಾಗಿನ್ ಇರುತ್ತೆ, ಕೇಳುವವರೇ ಇರುವುದಿಲ್ಲ.

ಅಂಕಿಅಂಶದ ವಿಷಯದಲ್ಲಿ ನಮ್ಮ ಭಾಗದವರು ಒಂದು ಕಡೆ ಜಾರುತ್ತಾರೆ. 1991ರ ಜನಗಣತಿಯಲ್ಲಿ ಧಾರವಾಡ ಜಿಲ್ಲೆ ಅಂದರೆ ಸುಮಾರು 35 ಲಕ್ಷ ಜನ. 2011ರಲ್ಲಿ ನೋಡಿದರೆ 18 ಲಕ್ಷ ಚಿಲ್ಲರೆ. ಜನ ಎಲ್ಲಿ ಹೋದರು? ಎಲ್ಲೂ ಹೋಗಿಲ್ಲ, 1997ರಲ್ಲಿ ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು. ಹಳೇ ಧಾರವಾಡವನ್ನು ಹೊಸ ಧಾರವಾಡದ ಜೊತೆ ಹೋಲಿಸಿ ಟೇಬಲ್ ಹಾಕಿದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ. ಆರೋಗ್ಯ, ಪೌಷ್ಟಿಕತೆಗೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (ಎನ್.ಎಫ್.ಎಚ್.ಎಸ್-5) ಜಿಲ್ಲಾ ಹಾಳೆಗಳು ಮೂರೂ ಜಿಲ್ಲೆಗೆ ಬೇರೆಬೇರೆ ಇವೆ. ಆದರೆ ಕರ್ನಾಟಕದಲ್ಲಿ ಆ ಸಮೀಕ್ಷೆ ನಡೆದದ್ದು 2019ರಲ್ಲಿ. ಅಂದರೆ ಕೋವಿಡ್‌ಗೆ ಮೊದಲು. ಅದನ್ನು ಹಿಡಿದು ಕೋವಿಡ್ ಪರಿಣಾಮ ಅಂತ ಬರೆಯಬೇಡಿ.

ಅಕ್ಕಾರ, ನಮ್ಮೂರಿನ ವಾಟ್ಸಾಪ್ ಗ್ರೂಪಿಗೆ ದಿನಾ ಯೋಜನೆಗಳ ಲಿಂಕ್ ಬರುತ್ತವೆ. ವಿಧವೆಯರಿಗೆ ಹಣ, ವಿಕಲಚೇತನರಿಗೆ ಸ್ಕೂಟರ್, ಇವತ್ತೇ ಕೊನೆ ದಿನ ಅಂತ. ನಾನು ಸ್ವಸಹಾಯ ಸಂಘದಲ್ಲಿ ಇರುವುದರಿಂದ ಎಲ್ಲರೂ ನನ್ನನ್ನೇ ಕೇಳುತ್ತಾರೆ. ಪಕ್ಕದ ಮನೆಯವರು ಮಗನ ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಮಾಡಿಸಲು ಒಬ್ಬರಿಗೆ ಆಗಲೇ ದುಡ್ಡು ಕೊಟ್ಟಿದ್ದಾರೆ. ಸರಿಯಾದ ಲಿಂಕ್ ಯಾವುದು ಅಂತ ಹೆಂಗ ಗೊತ್ತಾಗಬೇಕ್ರಿ?
– ಸಂಘದ ಸದಸ್ಯೆ, ರೋಣ ತಾಲೂಕು, ಗದಗ

ಲಿಂಕ್ ಮುಟ್ಟುವ ಮೊದಲು ಅದನ್ನು ಓದಿ. ಮೊದಲ ಅಕ್ಷರಗಳಲ್ಲ, https:// ಆದಮೇಲೆ ಬರುವ ಮೊದಲ ಓರೆಗೀಟಿಗೆ (/) ಸ್ವಲ್ಪ ಮುಂಚೆ ಏನಿದೆ ನೋಡಿ. ಅಲ್ಲಿ ಡಾಟ್ ಜಿ-ಒ-ವಿ ಡಾಟ್ ಇನ್ ಅಥವಾ ಡಾಟ್ ಎನ್-ಐ-ಸಿ ಡಾಟ್ ಇನ್ ಇದ್ದರೆ ಸರ್ಕಾರದ್ದು. ಹೆಸರಿನಲ್ಲಿ ಕರ್ನಾಟಕ, ಸೇವೆ, ಯೋಜನೆ ಅಂತೆಲ್ಲ ಬರೆದು ಕೊನೆಗೆ ಡಾಟ್ ಕಾಮ್, ಡಾಟ್ ಆನ್‌ಲೈನ್ ಅಂತಿದ್ದರೆ ಸುಮ್ನೆ ಬಿಟ್ಟುಬಿಡಿ. ಇವತ್ತೇ ಕೊನೆ ದಿನ, ಹತ್ತು ಗ್ರೂಪಿಗೆ ಕಳಿಸಿ ಅಂತ ಯಾವ ಇಲಾಖೆಯೂ ಹೇಳುವುದಿಲ್ಲ. ವಿಧವಾ ವೇತನ, ಸಂಧ್ಯಾ ಸುರಕ್ಷಾ ಇಂಥವಕ್ಕೆ ನಾಡಕಚೇರಿ ಇದೆ. ಯಾರಿಗೆ ಯಾವ ಯೋಜನೆ ಇರಬಹುದು ಅಂತ ಹುಡುಕಲು ಕೇಂದ್ರ ಸರ್ಕಾರದ ಮೈಸ್ಕೀಮ್ ತಾಣ ಇದೆ, ವಯಸ್ಸು, ರಾಜ್ಯ, ಆದಾಯ ತುಂಬಿದರೆ ಪಟ್ಟಿ ಕೊಡುತ್ತೆ. ಅದು ಹುಡುಕಲು ಅಷ್ಟೇ. ಅರ್ಜಿ ಹಾಕುವ ಮೊದಲು ತಾಲೂಕಿನ ಇಲಾಖೆಯಲ್ಲಿ ಒಮ್ಮೆ ಕೇಳಿ.

ಯುಡಿಐಡಿ ವಿಷಯ. ಅದಕ್ಕೆ ಸರ್ಕಾರಿ ಶುಲ್ಕವೇ ಇಲ್ಲ. ಸ್ವಾವಲಂಬನ್ ಕಾರ್ಡ್ ಅನ್ನುವ ಸರ್ಕಾರಿ ತಾಣದಲ್ಲಿ ಅರ್ಜಿ, ಆಮೇಲೆ ಆಸ್ಪತ್ರೆಯಲ್ಲಿ ವೈದ್ಯರ ಪರೀಕ್ಷೆ. ಆನ್‌ಲೈನ್ ಸೆಂಟರ್‌ನವರು ತುಂಬಿಕೊಟ್ಟದ್ದಕ್ಕೆ ಸ್ವಲ್ಪ ತಗೊಳ್ಳಲಿ, ಅದು ಅವರ ದುಡಿಮೆ. ಆದರೆ "ವೈಕಲ್ಯದ ಪರ್ಸೆಂಟ್ ಜಾಸ್ತಿ ಮಾಡಿಸಿ ಕೊಡ್ತೀನಿ" ಅಂದವನ ಹತ್ತಿರ ಹೋಗಬೇಡಿ. ನಿಮ್ಮ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ವಿ.ಆರ್.ಡಬ್ಲ್ಯೂ ಅಂತಾರೆ. ಅವರೂ ಹೆಚ್ಚಾಗಿ ವಿಕಲಚೇತನರೇ. ಈ ಅರ್ಜಿ ಹಾಕಿಸುವುದು ಅವರ ಕೆಲಸ. ತಾಲೂಕಿಗೆ ಇದೇ ಥರ ಎಂ.ಆರ್.ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಇದ್ದಾರೆ. ಪಂಚಾಯಿತಿಯಲ್ಲಿ ಅವರ ನಂಬರ್ ಕೇಳಿ ಪಕ್ಕದ ಮನೆಯವರಿಗೆ ಕೊಡಿ. ಇಂಟರ್ನೆಟ್‌ಗಿಂತ ಅವರೇ ವಾಸಿ.

ಅಕ್ಕಾರ, ನಾನು ಬಿ.ಎಸ್.ಡಬ್ಲ್ಯೂ (ಸಮಾಜಕಾರ್ಯ ಪದವಿ) ಮುಗಿಸಿ ಕೆಲಸ ಹುಡುಕುತ್ತಿದ್ದೇನೆ. ಒಂದು ಎನ್‌ಜಿಒ ಫೀಲ್ಡ್ ಕೋಆರ್ಡಿನೇಟರ್ ಕೆಲಸಕ್ಕೆ ಆಯ್ಕೆ ಆಗಿದ್ದೀರಿ, ತರಬೇತಿಗೆ ಡಿಪಾಸಿಟ್ ಕಟ್ಟಿ ಅಂತ ಮೆಸೇಜ್ ಮಾಡಿದೆ. ಇಂಟರ್ವ್ಯೂನೇ ಆಗಿಲ್ಲ. ಆದರೆ ನೀತಿ ಆಯೋಗದ ನೋಂದಣಿ ಇದೆ ಅಂತ ನಂಬರ್ ಕಳಿಸಿದ್ದಾರೆ. ಕಟ್ಟಲಾ?
– ಒಬ್ಬ ಓದುಗ, ಹಾವೇರಿ

ಬೇಡ ತಮ್ಮಾ.

ಕಾರಣವನ್ನೂ ಕೇಳು. ಅವರು ಕಳಿಸಿದ್ದು ನೀತಿ ಆಯೋಗದ ಎನ್‌ಜಿಒ ದರ್ಪಣ್ ತಾಣದ ನಂಬರ್. ಸಂಸ್ಥೆಗಳೇ ತಮ್ಮ ವಿವರ ತುಂಬಿ ಆ ನಂಬರ್ ಪಡೆಯುತ್ತವೆ. ಒಳ್ಳೆಯ ಸಂಸ್ಥೆ ಅಂತ ಸರ್ಕಾರ ಕೊಟ್ಟ ಪ್ರಮಾಣಪತ್ರ ಅಲ್ಲ ಅದು. ದರ್ಪಣ್ ತಾಣದಲ್ಲಿ ಆ ನಂಬರ್ ಹಾಕಿ ನೋಡು, ಅದೇ ಹೆಸರು, ಅದೇ ವಿಳಾಸ ಬರುತ್ತಾ ಅಂತ. ಎಷ್ಟೋ ಸಲ ಬೇರೆ ಯಾರದೋ ನಂಬರ್ ಎತ್ತಿಕೊಂಡಿರುತ್ತಾರೆ. ವಿದೇಶದ ಹಣ ಬರುತ್ತೆ ಅಂತ ಹೇಳಿಕೊಂಡಿದ್ದರೆ ಕೇಂದ್ರ ಗೃಹ ಇಲಾಖೆಯಲ್ಲಿ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಆಗಿದೆಯಾ ಅಂತ ಕೇಳು. ಸೊಸೈಟಿ ಅಂದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಆಗಿರಬೇಕು, ಆ ದಾಖಲೆ ಸಹಕಾರ ಇಲಾಖೆಯಲ್ಲಿ ಇರುತ್ತೆ. ಇಷ್ಟೆಲ್ಲ ಸರಿ ಇದ್ದರೂ ಕೆಲಸ ಕೊಡುವವರು ದುಡ್ಡು ಕೇಳಿದರೆ ಅದು ಕೆಲಸ ಅಲ್ಲ.

ಆಗಲೇ ಏನಾದರೂ ಕಳಿಸಿಬಿಟ್ಟಿದ್ದರೆ ಈ ಉತ್ತರ ಪೂರ್ತಿ ಓದುವ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು, ಹಣ ಮುಂದಿನ ಖಾತೆಗೆ ಹೋಗುವ ಮುಂಚೆ ತಡೆಯಲು ಆಗಬಹುದು. ಕೆಲಸಕ್ಕೆ ಹಾವೇರಿ, ಗದಗ, ಧಾರವಾಡ ಜಿಲ್ಲಾ ತಾಣಗಳಲ್ಲಿ ನೇಮಕಾತಿ ಅಂತ ಒಂದು ಪುಟ ಇದೆ, ವಾರಕ್ಕೊಮ್ಮೆ ನೋಡುತ್ತಿರು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಗುತ್ತಿಗೆ ಹುದ್ದೆಗಳು ಅಲ್ಲೂ ಬರುತ್ತವೆ. ಸಂಬಳ ಜಾಸ್ತಿ ಇರಲ್ಲ, ಆದರೆ ಕಲಿಯುವುದು ಬೇಕಾದಷ್ಟು.

ಅಕ್ಕಾರ, ಯುಜಿಸಿ ಮಾನ್ಯತೆ ಇರುವ ಜರ್ನಲ್, ಮೂರು ದಿನದಲ್ಲಿ ಪ್ರಕಟಣೆ ಅಂತ ಈಮೇಲ್ ಬಂದಿದೆ. ದುಡ್ಡು ಕಟ್ಟಬಹುದಾ? ಇನ್ನೊಂದು, ಚಾಟ್‌ಜಿಪಿಟಿ ಕೊಟ್ಟ ಪುಸ್ತಕದ ಹೆಸರುಗಳು ನಮ್ಮ ಲೈಬ್ರರಿಯಲ್ಲಿ ಸಿಗುತ್ತಿಲ್ಲ.
– ಸಂಶೋಧನಾ ವಿದ್ಯಾರ್ಥಿ, ಹುಬ್ಬಳ್ಳಿ

ಮೂರು ದಿನದಲ್ಲಿ ಯಾರೂ ನಿಮ್ಮ ಲೇಖನ ಓದುವುದಿಲ್ಲ, ಓದದೆ ಹಾಕುತ್ತಾರೆ. ಯುಜಿಸಿ ಒಪ್ಪಿದ ಜರ್ನಲ್‌ಗಳ ತನ್ನ ಕೇರ್ ಪಟ್ಟಿಯನ್ನು 2025ರ ಫೆಬ್ರುವರಿಯಲ್ಲೇ ನಿಲ್ಲಿಸಿದೆ, ಹಾಗಾಗಿ "ಯುಜಿಸಿ ಕೇರ್ ಪಟ್ಟಿಯಲ್ಲಿದೆ" ಅಂತ ಈಗಲೂ ಹೇಳುವವರು ಹಳೇ ಬೋರ್ಡ್ ತೋರಿಸುತ್ತಿದ್ದಾರೆ ಅಷ್ಟೆ. ಸಂಪಾದಕ ಮಂಡಳಿಯಲ್ಲಿರುವ ಇಬ್ಬರ ಹೆಸರು ತಗೊಂಡು ಅವರ ವಿಶ್ವವಿದ್ಯಾಲಯದ ತಾಣದಲ್ಲಿ ಹುಡುಕಿ. ನಿಜವಾಗಿ ಇದ್ದರೆ ಅವರಿಗೇ ಒಂದು ಮೇಲ್ ಹಾಕಿ ಕೇಳಿ. ಎಲ್ಲರಿಗೂ ಉಚಿತವಾಗಿ ತೆರೆದಿರುವ ಜರ್ನಲ್ ಆದರೆ, ಅಂಥವುಗಳ ಡಿಓಎಜೆ ಅನ್ನುವ ಪಟ್ಟಿಯಲ್ಲಿ ಇದೆಯಾ ಅಂತಲೂ ನೋಡಿ.

ಚಾಟ್‌ಜಿಪಿಟಿ ಹೇಳಿದ ಪುಸ್ತಕ ನಿಮ್ಮ ಲೈಬ್ರರಿಯಲ್ಲಿ ಮಾತ್ರ ಅಲ್ಲ, ಎಲ್ಲೂ ಇಲ್ಲದೇ ಇರಬಹುದು. ಅದು ಹೆಸರು ಕಟ್ಟಿಕೊಡುತ್ತೆ. ವಾಕ್ಯ ತಿದ್ದಿಸಿಕೊಳ್ಳಿ, ಬೇಡ ಅನ್ನಲ್ಲ. ಆದರೆ ಕೇಸ್ ಶೀಟ್‌ನಲ್ಲಿರುವ ಹೆಸರು, ಊರು, ರೋಗ ಇದನ್ನೆಲ್ಲ ಅದಕ್ಕೆ ಹಾಕಿ ಸಲಹೆ ಕೇಳಬೇಡಿ. ಅವರು ನಿಮ್ಮನ್ನು ನಂಬಿ ಹೇಳಿದ್ದು ಅದು.

ಕನ್ನಡದಲ್ಲಿ ಏನೂ ಇಲ್ಲವೇ ಅಕ್ಕಾರ? ಇಂಗ್ಲಿಷ್ ಪಿಡಿಎಫ್ ಓದಿ ತಲೆ ನೋಯುತ್ತೆ.
– ಅಂಗನವಾಡಿ ಕಾರ್ಯಕರ್ತೆ, ಕುಂದಗೋಳ

ಕಡಿಮೆ ಇದೆ, ಅದು ನಿಜ. ಇದು ನನಗೂ ಸಿಟ್ಟು ತರಿಸುವ ವಿಷಯ. ಅಷ್ಟೊಂದು ಕೆಲಸ ಕನ್ನಡದಲ್ಲಿ ನಡೆಯುತ್ತೆ, ಬರೆಯುವಾಗ ಮಾತ್ರ ಎಲ್ಲರೂ ಇಂಗ್ಲಿಷ್. ರಾಜ್ಯ ಸರ್ಕಾರದ ಕನ್ನಡ ಜ್ಞಾನಕೋಶ ತಾಣ ಕಣಜ ನೋಡಿ. ಸಿ-ಡ್ಯಾಕ್ ಅನ್ನುವ ಕೇಂದ್ರ ಸರ್ಕಾರದ ಸಂಸ್ಥೆಯ ವಿಕಾಸಪೀಡಿಯಾ ತಾಣದಲ್ಲಿ ಆರೋಗ್ಯ, ಸಮಾಜ ಕಲ್ಯಾಣದ ಪುಟಗಳು ಕನ್ನಡದಲ್ಲಿವೆ, ಆದರೆ ಯೋಜನೆಯ ಮೊತ್ತ ಮತ್ತು ಷರತ್ತು ಹಳೆಯವಿರಬಹುದು, ಇಲಾಖೆಯಲ್ಲಿ ಕೇಳಿಯೇ ಜನರಿಗೆ ಹೇಳಿ.

ನಿಮಗೆ ಪಿಡಿಎಫ್‌ಗಿಂತ ಈ ನಂಬರ್‌ಗಳು ಉಪಯೋಗಕ್ಕೆ ಬರುತ್ತವೆ, ಅಂಗನವಾಡಿ ಗೋಡೆಗೆ ದಪ್ಪಗೆ ಬರೆದು ಅಂಟಿಸಿ. ಮಕ್ಕಳಿಗೆ 1098, ಮಹಿಳೆಯರಿಗೆ 181, ಹಿರಿಯರಿಗೆ 14567, ಮನಸ್ಸಿಗೆ ಕಷ್ಟವಾದರೆ ಟೆಲಿಮಾನಸ್ 14416, ಉಚಿತ ಕಾನೂನು ನೆರವಿಗೆ 15100. ಟೆಲಿಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವಾಗ ಬೇಕಾದರೂ. ಬಾಲ್ಯವಿವಾಹದ ಸುದ್ದಿ ಬಂದಾಗ ಕಾಯ್ದೆ ಹುಡುಕುತ್ತಾ ಕೂರಬೇಡಿ, ಮೊದಲು 1098. ಕಲಂ ಯಾವುದು ಅಂತ ಆಮೇಲೆ ನೋಡೋಣ.

ಪ್ರಶ್ನೆ ಕಳಿಸುವವರಿಗೆ ಒಂದು ಮಾತು: ತಾಲೂಕಿನ ಹೆಸರು ಬರೆಯಿರಿ, ಇಲ್ಲದಿದ್ದರೆ ಯಾವ ಕಚೇರಿಗೆ ಹೋಗಿ ಅಂತ ಹೇಳಲು ಆಗಲ್ಲ. ಮತ್ತೆ ದಯವಿಟ್ಟು ಬೇರೆಯವರ ಆಧಾರ್ ಝೆರಾಕ್ಸ್, ಫೋಟೋ, ಆಸ್ಪತ್ರೆ ಚೀಟಿ ಲಕೋಟೆಯಲ್ಲಿ ಇಟ್ಟು ಕಳಿಸಬೇಡಿ. ಬಂದವನ್ನು ಹರಿದು ಹಾಕಿದ್ದೇನೆ.