ಲಾಂಛನದ ಪ್ರಾಣಿಗೆ ಕಾಲೆಷ್ಟು?

ಪ್ರಶ್ನೆ: ನಮ್ಮ ರಾಜ್ಯ ಲಾಂಛನದಲ್ಲಿ ಗಂಡಭೇರುಂಡದ ಅಕ್ಕಪಕ್ಕ ಸಿಂಹದ ಮೈ, ಆನೆಯ ಮುಖದ ಪ್ರಾಣಿ ನಿಂತಿದೆಯಲ್ಲ, ಅದು ಶರಭವೋ ಯಾಳಿಯೋ? ಮಗಳ ಶಾಲೆಯ ಪ್ರಾಜೆಕ್ಟಿಗೆ ಬೇಕು.
– ಓದುಗರು, ರಾಜಾಜಿನಗರ

ಲಾಂಛನದ ವಿವರಣೆಗಳಲ್ಲಿ 'ಶರಭ' ಎಂದೇ ಬರೆಯುವ ರೂಢಿಯಿದೆ. ಆದರೆ ಆಕಾರಕ್ಕೆ ಒಪ್ಪುವ ಹೆಸರು ಗಜಕೇಸರಿ. ಪುರಾಣದ ಶರಭ ಅರ್ಧ ಮೃಗ, ಅರ್ಧ ಹಕ್ಕಿ: ರೆಕ್ಕೆಯುಂಟು, ಕಾಲು ಎಂಟು. ಹಿರಣ್ಯಕಶಿಪುವನ್ನು ಕೊಂದ ಮೇಲೂ ಇಳಿಯದ ನರಸಿಂಹನ ಉಗ್ರವನ್ನು ತಣಿಸಲು ಶಿವ ತಾಳಿದ ರೂಪವೆಂದು ಶೈವರು ಹೇಳುವುದು ಇದನ್ನೇ. ಆ ಶರಭವನ್ನೂ ಮಣಿಸಲು ನರಸಿಂಹ ಗಂಡಭೇರುಂಡನಾದ ಎಂಬುದು ವೈಷ್ಣವರ ಮರುಮಾತು. ಲಾಂಛನದ ಪ್ರಾಣಿಗೆ ನಾಲ್ಕೇ ಕಾಲು, ರೆಕ್ಕೆಯಿಲ್ಲ, ಸೊಂಡಿಲಿದೆ.

ಯಾಳಿ ಎಂದರೂ ತಪ್ಪಲ್ಲ. ಯಾಳಿ ಅಥವಾ ವ್ಯಾಳ ಎಂಬುದು ಇಡೀ ಕುಲದ ಹೆಸರು. ಮುಖ ನೋಡಿ ಸಿಂಹವ್ಯಾಳ, ಗಜವ್ಯಾಳ, ಅಶ್ವವ್ಯಾಳ ಎಂದು ವಿಂಗಡಿಸುತ್ತಾರೆ. ದೇವಸ್ಥಾನದ ಕಂಬದ ಮುಂದೆ ನಿಂತಾಗ ಮೊದಲು ಕಾಲು ಎಣಿಸಿ, ಆಮೇಲೆ ರೆಕ್ಕೆ ಹುಡುಕಿ, ಕೊನೆಗೆ ಮುಖ ನೋಡಿ. ಮುಖದಿಂದ ಶುರು ಮಾಡಿದರೆ ಸಿಂಹಮುಖದ್ದೆಲ್ಲ ಒಂದೇ ಆಗಿ ಕಂಡು ಎಡವುತ್ತೀರಿ.

ಮಗಳನ್ನು ಒಮ್ಮೆ ಬೇಲೂರಿಗೆ ಕರೆದುಕೊಂಡು ಹೋಗಿ. 1117ರ ಚೆನ್ನಕೇಶವ ಗುಡಿಯಲ್ಲಿ ಒಂದು ಸಣ್ಣ ಕೆತ್ತನೆಯಿದೆ: ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿವೆ, ಪಕ್ಕದಲ್ಲೊಬ್ಬ ಋಷಿ ಬೆರಗಾಗಿ ನೋಡುತ್ತಿದ್ದಾನೆ. ಯಾರ ಮೇಲೆ ಯಾರು ಎಂಬುದು ಅಲ್ಲಿ ಕಂಡಷ್ಟು ಸ್ಪಷ್ಟವಾಗಿ ಪುಸ್ತಕದಲ್ಲಿ ಕಾಣದು.

ಪ್ರಶ್ನೆ: ನವೆಂಬರ್ 1ಕ್ಕೆ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಗಂಡಭೇರುಂಡದ ರಂಗೋಲಿ ಹಾಕಬೇಕು. ಕಳೆದ ಸಲ ಎರಡು ಗಿಳಿ ಅಂಟಿಕೊಂಡಂತೆ ಕಂಡಿತು.
– ಓದುಗರು, ಜಯನಗರ

ಕತ್ತುಗಳನ್ನು ಎರಡು ಭುಜಗಳಿಂದ ಬೇರೆಬೇರೆಯಾಗಿ ಎತ್ತಿದ್ದೀರಿ, ಅದಕ್ಕೇ ಹಾಗಾಗಿದೆ. ಗಂಡಭೇರುಂಡಕ್ಕೆ ಮೈ ಒಂದು, ಎದೆ ಒಂದು. ಎದೆಯ ಮೇಲಷ್ಟೇ ಕತ್ತು ಕವಲೊಡೆಯಬೇಕು. ಮುಖಗಳು ಒಂದನ್ನೊಂದು ನೋಡಬಾರದು, ಹೊರಕ್ಕೆ ತಿರುಗಿರಬೇಕು. ಕೊಕ್ಕು ಗಿಳಿಯ ಕೊಕ್ಕಿನಂತೆ ಗುಂಡಗಾಗದೆ ಹದ್ದಿನದರಂತೆ ಉದ್ದವಾಗಿ ತುದಿಯಲ್ಲಿ ಬಾಗಲಿ.

ನಾಲ್ಕಡಿ ಎತ್ತರದ ರಂಗೋಲಿಯಾದರೆ ಮೊದಲು ಸೀಮೆಸುಣ್ಣದಲ್ಲಿ ನಡುಗೆರೆ ಎಳೆದು ಅಡಿಗೊಂದು ಗುರುತು ಹಾಕಿ. ಮೇಲಿನ ಅಡಿಯಲ್ಲಿ ತಲೆ, ಕತ್ತು, ಮುಂದಿನ ಎರಡರಲ್ಲಿ ಮೈ, ರೆಕ್ಕೆ, ಕೆಳಗಿನದರಲ್ಲಿ ಬಾಲ. ಬಲಗಡೆಯನ್ನು ನ್ಯೂಸ್‌ಪೇಪರ್ ಮೇಲೆ ಬರೆದು ಕತ್ತರಿಸಿ, ಅದನ್ನೇ ಮಗುಚಿ ಎಡಕ್ಕಿಟ್ಟು ಅಂಚು ಎಳೆದರೆ ಎರಡೂ ಕಡೆ ಸಮ ಬರುತ್ತದೆ. ಉಗುರಿನಲ್ಲಿ ಆನೆ ಬೇಕೆಂದರೆ ಪಾದದಷ್ಟೇ ಚಿಕ್ಕದಾಗಿ ಬರೆಯಿರಿ. ಆನೆ ದೊಡ್ಡದಾದರೆ ಹಕ್ಕಿ ಅದರ ಬೆನ್ನ ಮೇಲೆ ಕೂತಂತೆ ಕಾಣುತ್ತದೆ. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯಗಳಲ್ಲಿ ಕೊಕ್ಕು, ಉಗುರು ಎರಡರಲ್ಲೂ ಆನೆಗಳಿವೆ. ಆ ಪುಟ್ಟ ನಾಣ್ಯದಲ್ಲೂ ಹಕ್ಕಿಯೇ ದೊಡ್ಡದು.

ಹಕ್ಕಿಯ ಮೈ ಒಂದೇ ರೂಪವಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 1047ರ ಭೇರುಂಡ ಸ್ತಂಭದ ಮೂರ್ತಿಗೆ ಮನುಷ್ಯನ ಮೈ, ಎರಡು ಹಕ್ಕಿತಲೆ. ರಂಗೋಲಿಗೆ ಮಾತ್ರ ಹಕ್ಕಿಯ ಮೈಯೇ ಸಲೀಸು.

ಪ್ರಶ್ನೆ: ಚಿಕ್ಕಪೇಟೆಯಲ್ಲಿ ಕೊಂಡ ಹಿತ್ತಾಳೆ ಪ್ರಭಾವಳಿಯ ನೆತ್ತಿಯಲ್ಲಿ ರಾಕ್ಷಸನ ಮುಖವಿದೆ. ದೇವರ ಮನೆಯಲ್ಲಿ ದೃಷ್ಟಿಗೊಂಬೆ ಇಡಬಹುದೇ?
– ಓದುಗರು, ಮಲ್ಲೇಶ್ವರ

ಅದು ದೃಷ್ಟಿಗೊಂಬೆಯಲ್ಲ, ಕೀರ್ತಿಮುಖ. ಸಿಂಹಲಲಾಟ ಎಂದೂ ಕರೆಯುತ್ತಾರೆ. ಧಾರಾಳವಾಗಿ ಇಡಿ. ಕೆಳದವಡೆ ಇದೆಯೇ ನೋಡಿ: ಕೀರ್ತಿಮುಖಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಕಟ್ಟುತ್ತಿರುವ ಮನೆಗೆ ನೇತುಹಾಕುವ ದೃಷ್ಟಿಗೊಂಬೆಗೆ ದವಡೆ, ಮೀಸೆ, ಚಾಚಿದ ನಾಲಗೆ ಎಲ್ಲ ಇರುತ್ತವೆ.

ದವಡೆ ಇಲ್ಲದ್ದಕ್ಕೂ ಕತೆಯಿದೆ. ಜಲಂಧರನೆಂಬ ಅಸುರ, ಪಾರ್ವತಿಯನ್ನು ತನಗೆ ಕೊಡೆಂದು ಶಿವನನ್ನು ಕೇಳಲು ರಾಹುವನ್ನು ಕಳಿಸಿದಾಗ ಶಿವನ ಸಿಟ್ಟಿನಿಂದ ಹಸಿದ ಭೂತವೊಂದು ಹುಟ್ಟಿತು. ರಾಹು ಶರಣಾದ, ಹಸಿವು ಹಾಗೇ ಉಳಿಯಿತು. 'ನಿನ್ನನ್ನೇ ತಿನ್ನು' ಎಂದ ಶಿವ. ಅದು ಕಾಲಿನಿಂದ ಶುರುಮಾಡಿ ಮುಖವೊಂದನ್ನು ಬಿಟ್ಟು ಎಲ್ಲವನ್ನೂ ತಿಂದಿತು. ಮೆಚ್ಚಿದ ಶಿವ ಅದನ್ನು ತನ್ನ ಬಾಗಿಲಿನ ಮೇಲೆ ನಿಲ್ಲಿಸಿದ. ಆದ್ದರಿಂದ ಪ್ರಭಾವಳಿಯಲ್ಲಿ ಕೀರ್ತಿಮುಖದ ಜಾಗ ನೆತ್ತಿಯ ನಡುವೆ. ಪ್ರಭಾವಳಿಯ ಎರಡು ಕಾಲುಗಳ ಬಳಿ ಮಕರಗಳಿದ್ದರೆ (ಸೊಂಡಿಲಿರುವ, ಮೊಸಳೆಯಂಥ ಪುರಾಣದ ಜಲಚರ) ಅವುಗಳ ಸೊಂಡಿಲು ಎರಡೂ ಕಡೆ ಒಂದೇ ರೀತಿ ತಿರುಗಿದೆಯೇ ನೋಡಿಕೊಳ್ಳಿ. ಒಂದು ಹೊರಕ್ಕೆ, ಇನ್ನೊಂದು ಒಳಕ್ಕೆ ಇದ್ದರೆ ಜೋಡಣೆ ತಪ್ಪಿರಬಹುದು, ಅಂಗಡಿಯಲ್ಲಿ ತೋರಿಸಿ ಸರಿಪಡಿಸಿಕೊಳ್ಳಿ.