ಹಳೇ .357 ಮ್ಯಾಗ್ನಮ್‌ಗೆ ಆರೂವರೆ ಲಕ್ಷ ಕೊಡಬಹುದಾ?

ನೀವು ಕೇಳಿರುವುದು ಇಷ್ಟು. ಗುಬ್ಬಿ ಹತ್ತಿರ ನಿಮ್ಮ ತೋಟ ಇದೆ, ಒಂಟಿ ನಳಿಗೆ ಬಂದೂಕಿಗೆ ಲೈಸೆನ್ಸ್ ಇದೆ. ತುಮಕೂರಿನಲ್ಲಿ ಪರಿಚಯದವರೊಬ್ಬರು ತಮ್ಮ ತಂದೆಯ ಕಾಲದ, ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿಯ .357 ಮ್ಯಾಗ್ನಮ್ ರಿವಾಲ್ವರ್‌ಗೆ 6.5 ಲಕ್ಷ ಹೇಳುತ್ತಿದ್ದಾರೆ. 50 ಸಾವಿರ ಮುಂಗಡ ಕೇಳಿದ್ದಾರೆ. ಮಧ್ಯದಲ್ಲಿ ಇರುವವನು "ಇದು ಆಂಟಿಕ್, ಲೈಸೆನ್ಸ್ ಏನೂ ಬೇಡ" ಅಂದಿದ್ದಾನೆ. ಕಲೆಕ್ಷನ್‌ಗೆ ಅಂತ ತಗೊಳ್ಳಬಹುದಾ, ಬೆಲೆ ಸರಿಯಾ ಅನ್ನುವುದು ನಿಮ್ಮ ಪ್ರಶ್ನೆ.

ಮುಂಗಡ ಕೊಡಬೇಡಿ. ಮಿಕ್ಕಿದ್ದು ಆಮೇಲೆ.

ಆಂಟಿಕ್ ಮಾತನ್ನು ಮೊದಲು ಮುಗಿಸಿಬಿಡೋಣ. ನಮ್ಮಲ್ಲಿ 1972ರ ಪ್ರಾಚೀನ ವಸ್ತುಗಳ ಕಾಯ್ದೆ ನೂರು ವರ್ಷ ದಾಟಿದ ವಸ್ತುಗಳ ಬಗ್ಗೆ ಮಾತಾಡುತ್ತದೆ. .357 ಮ್ಯಾಗ್ನಮ್ ಅನ್ನುವ ಜೋರಾದ ತೋಟಾ (.357 ಅನ್ನುವುದು ಗುಂಡಿನ ಅಡ್ಡಳತೆ, ಇಂಚಿನಲ್ಲಿ) ಹುಟ್ಟಿದ್ದೇ 1935ರಲ್ಲಿ. ಅಂದರೆ ಜಗತ್ತಿನ ಮೊಟ್ಟಮೊದಲ ಮ್ಯಾಗ್ನಮ್ ರಿವಾಲ್ವರ್‌ಗೂ ಇನ್ನೂ ನೂರು ತುಂಬಿಲ್ಲ. ಆರ್ಮ್ಸ್ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ ಹಳೇ ಕಾಲದ ಆಯುಧಗಳಿಗೆ ಒಂದು ವಿನಾಯ್ತಿ ಇದೆ ನಿಜ. ಆದರೆ ಅದು ರಿಪೇರಿ ಮಾಡಿದರೂ ಗುಂಡು ಹಾರದಂಥ ಆಯುಧಗಳಿಗೆ. ಗೋಡೆಗೆ ನೇತುಹಾಕುವ ಮದ್ದಿನ ಕೋವಿಗೆ ಆ ಮಾತು ಹೇಳಬಹುದು. ಕೆಲಸ ಮಾಡುವ ಮ್ಯಾಗ್ನಮ್‌ಗೆ ಹಾಗೆ ಹೇಳುವವನಿಗೆ ಕಾನೂನು ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲ ಅಂದುಕೊಂಡಿದ್ದಾನೆ.

ಇನ್ನು ಕಲೆಕ್ಷನ್. 2019ರ ಡಿಸೆಂಬರ್‌ನಲ್ಲಿ ಕಾಯ್ದೆ ತಿದ್ದುಪಡಿ ಆದ ಮೇಲೆ ಒಬ್ಬರ ಹತ್ತಿರ ಎರಡೇ ಆಯುಧ ಇರಬಹುದು. ಮೊದಲು ಮೂರು ಇತ್ತು. ತಾತನಿಂದ ಬಂದದ್ದಾದರೂ ಲೆಕ್ಕಕ್ಕೆ ಸೇರುತ್ತದೆ. ಅಮೆರಿಕದವರು ಗಾಜಿನ ಬೀರುವಿನಲ್ಲಿ ಇಪ್ಪತ್ತು ರಿವಾಲ್ವರ್ ಸಾಲಾಗಿ ಇಟ್ಟಿರುವ ಫೋಟೋ ನೋಡಿ ಆಸೆಪಡುವುದು ಸುಲಭ. ನಮಗೆ ಅದು ಆಗದ ಮಾತು. ನಿಮ್ಮ ಹತ್ತಿರ ಈಗಾಗಲೇ ಒಂದಿದೆ. ಇದು ಎರಡನೆಯದು, ಕೊನೆಯದು. ಹಾಗೆ ಯೋಚನೆ ಮಾಡಿಯೇ ಆರಿಸಬೇಕು.

ಈ ಎರಡರ ನಿಯಮದಿಂದಲೇ ನಾನು ಬೆಲೆ ಕಟ್ಟುವುದನ್ನು ಕಲಿತದ್ದು. ಚಿಂತಾಮಣಿಯಲ್ಲಿ ನಮ್ಮ ದೊಡ್ಡಪ್ಪನ ಹತ್ತಿರ ಮೂರಿದ್ದವು. ಒಂದು ಜೋಡಿ ನಳಿಗೆ ಬಂದೂಕು, ಒಂದು .22 ರೈಫಲ್, ಒಂದು ಸ್ಮಿತ್ ಅಂಡ್ ವೆಸನ್ .357. ತಿದ್ದುಪಡಿ ಬಂದ ಮೇಲೆ ಒಂದನ್ನು ವರ್ಷದೊಳಗೆ ಒಪ್ಪಿಸಬೇಕಾಯಿತು. ಸುಮ್ನೆ ಠಾಣೆಗೆ ಕೊಡುವ ಬದಲು ಲೈಸೆನ್ಸ್ ಇರುವ ಯಾರಿಗಾದರೂ ಮಾರೋಣ ಅಂದರು. ಕೋಲಾರದ ಒಬ್ಬರು 5 ಲಕ್ಷಕ್ಕೆ ಹತ್ತಿರ ಮಾತಾಡಿದ್ದರು, ನೋಡಿ ಹೇಳುತ್ತೇನೆ ಅಂದಿದ್ದರು.

ದೊಡ್ಡಪ್ಪ ಆ ರಿವಾಲ್ವರ್‌ನ್ನು ಪ್ರತಿ ವರ್ಷ ಆಯುಧ ಪೂಜೆಗೆ ಹೊರಗೆ ತೆಗೆಯುತ್ತಿದ್ದರು. ಟ್ರ್ಯಾಕ್ಟರ್, ಪಂಪ್‌ಸೆಟ್ ಜೊತೆಗೆ ಅದಕ್ಕೂ ಅರಿಶಿನ, ಕುಂಕುಮ. ಹೋಳು ಮಾಡಿದ ನಿಂಬೆಹಣ್ಣನ್ನು ಅದರ ಪಕ್ಕಕ್ಕೆ ಒರಗಿಸಿ ಇಡುವುದು ದೊಡ್ಡಮ್ಮನ ಪದ್ಧತಿ. ಆ ರಸ ತಾಗಿದ ಕಡೆಯೆಲ್ಲ ನೀಲಿಗಪ್ಪು ಬಣ್ಣ ಹೋಗಿ ಬೂದಿ ಚುಕ್ಕೆ. ಮಿಕ್ಕ ದಿನ ಚರ್ಮದ ಚೀಲದೊಳಗೆ ಹಾಕಿ ಬೀರುವಿನಲ್ಲಿ ಇಡುತ್ತಿದ್ದರು. ಚರ್ಮ ತೇವ ಹಿಡಿಯುತ್ತದೆ, ಹದ ಮಾಡಿದ ರಾಸಾಯನಿಕವೂ ಅದರಲ್ಲಿ ಇರುತ್ತದೆ. ಒಂದು ಪಕ್ಕ ಸಣ್ಣಗೆ ತುಕ್ಕು ಶುರುವಾಗಿತ್ತು.

ಗಿರಾಕಿ ಬರುವ ಮೊದಲು ಸ್ವಲ್ಪ ಚೆನ್ನಾಗಿ ಕಾಣಲಿ ಅಂತ ದೊಡ್ಡಪ್ಪ ಲೈಸೆನ್ಸ್ ಇರುವ ಒಂದು ರಿಪೇರಿ ಅಂಗಡಿಗೆ ಕೊಟ್ಟರು. ಕರೆದುಕೊಂಡು ಹೋದವನು ನಾನೇ. ಹದಿನೈದು ದಿನ ಬಿಟ್ಟು ಹೋದರೆ ಕನ್ನಡಿ ಥರ ಹೊಳೆಯುತ್ತಿದೆ! ಇಬ್ಬರಿಗೂ ಖುಷಿ. ದೊಡ್ಡಪ್ಪ ಅದರಲ್ಲಿ ಮುಖ ನೋಡಿಕೊಂಡು ಮೀಸೆ ತೀಡಿಕೊಂಡರು.

ಕೋಲಾರದವರು ಬಂದರು. ವಯಸ್ಸಾದವರು, ಮಾತು ಕಡಿಮೆ. ಖಾಲಿ ಇದೆಯಾ ಅಂತ ತಾವೇ ಎರಡು ಸಲ ನೋಡಿಕೊಂಡರು. ತೋಟಾ ಕೂರುವ ಸಿಲಿಂಡರ್ ಪಕ್ಕಕ್ಕೆ ತೆರೆದು ಚೌಕಟ್ಟಿನ ಒಳಬದಿ ಓದಿದರು. ಆಮೇಲೆ ಯಂತ್ರ ಮುಚ್ಚುವ ಬಲಗಡೆಯ ಮುಚ್ಚಳದ ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಎಳೆದರು. ಉಗುರು ಸಿಕ್ಕಿಕೊಂಡಿತು. "ಯಾರಪ್ಪಾ ಇದನ್ನ ಪಾತ್ರೆ ಉಜ್ಜಿದ ಹಾಗೆ ಉಜ್ಜಿರೋದು?" ಅಂದರು.

ಒಳಗೆ ಇದ್ದದ್ದು "ಮಾಡೆಲ್ 28-2" ಅಂತ. ಮಾಡೆಲ್ 28 ಅಂದರೆ ಹೈವೇ ಪಟ್ರೋಲ್‌ಮನ್. 1954ರಲ್ಲಿ ಪೊಲೀಸರಿಗೆ ಕಡಿಮೆ ಬೆಲೆಗೆ ಸಿಗಲಿ ಅಂತ ತಂದದ್ದು. ದುಬಾರಿಯ ಮಾಡೆಲ್ 27ರ ಒಳಗಿನ ಯಂತ್ರವೇ ಇದಕ್ಕೂ. ಉಳಿಸಿದ್ದು ಮುಖ್ಯವಾಗಿ ಪಾಲಿಷ್ ಖರ್ಚು. ಅಂದರೆ ಕಾರ್ಖಾನೆಯಿಂದಲೇ ಅದು ಮಂಕಾಗಿ ಬರುತ್ತಿತ್ತು, ಹೊಳೆಯುತ್ತಲೇ ಇರಲಿಲ್ಲ. ನಾವು ದುಡ್ಡು ಕೊಟ್ಟು ಹೊಳಪು ಕೊಡಿಸಿ, ಇದು ಅಸಲಿ ಬಣ್ಣ ಅಲ್ಲ ಅಂತ ಬೋರ್ಡ್ ಬರೆಸಿ ಅಂಟಿಸಿದ ಹಾಗಾಯಿತು. ಅವರು 3.25 ಲಕ್ಷಕ್ಕೆ ಇಳಿದರು. ನಿಂಬೆರಸದ ಚುಕ್ಕೆ, ತುಕ್ಕು ಎಲ್ಲ ಹಾಗೇ ಇದ್ದಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ ಅಂತಲೂ ಹೇಳಿದರು. ದೊಡ್ಡಪ್ಪ ಅವತ್ತು ರಾತ್ರಿ ಊಟ ಮಾಡಲಿಲ್ಲ.

ಅದಕ್ಕೇ ನೀವು ನೋಡಲು ಹೋದಾಗ ಹೊಳಪಿಗೆ ಮರುಳಾಗಬೇಡಿ. ಮಾರುವವರ ಮುಂದೆಯೇ, ಅವರ ಒಪ್ಪಿಗೆ ತೆಗೆದುಕೊಂಡು, ಖಾಲಿ ಇರುವುದನ್ನು ನೀವೇ ಖಚಿತ ಮಾಡಿಕೊಂಡು ನೋಡಿ. ನಳಿಗೆಯ ಮೇಲಿನ ಅಕ್ಷರಗಳ ಅಂಚು ಚೂಪಾಗಿರಬೇಕು. ಉಜ್ಜಿದ್ದರೆ ಅಕ್ಷರ ಕರಗಿದ ಬೆಲ್ಲದ ಹಾಗೆ ಕಾಣುತ್ತದೆ. ಸ್ಕ್ರೂ ತೂತುಗಳ ಸುತ್ತ ಲೋಹ ತಗ್ಗಾಗಿರಬಾರದು. ಪಕ್ಕದ ಮುಚ್ಚಳ ಅಸಲಿಯಾಗಿದ್ದರೆ ಜೋಡಣೆಯ ಗೆರೆ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ಹ್ಯಾಮರ್ ಮತ್ತು ಟ್ರಿಗರ್ ಈ ಹಳೇ ರಿವಾಲ್ವರ್‌ಗಳಲ್ಲಿ ಬೂದು, ಕಂದು, ನೀಲಿ ಕಲೆಸಿದ ಮೋಡದ ಬಣ್ಣ ಇರಬೇಕು. ಅವೂ ಒಂದೇ ಕಪ್ಪಾಗಿದ್ದರೆ ಯಾರೋ ಎಲ್ಲವನ್ನೂ ಒಂದೇ ಬಣ್ಣದ ತೊಟ್ಟಿಯಲ್ಲಿ ಅದ್ದಿದ್ದಾರೆ ಅಂತ ಅರ್ಥ. ಸಿಲಿಂಡರ್ ಸುತ್ತ ತೆಳುವಾದ ಗೆರೆ ಇದ್ದರೆ ಹೆದರಬೇಡಿ. ಅದು ತಿರುಗಿ ತಿರುಗಿ ಬಿದ್ದದ್ದು. ನನಗಂತೂ ಆ ಗೆರೆ ಕಂಡರೆ, ಹೊಸದಾಗಿ ಬಣ್ಣ ಹಾಕಿಲ್ಲ ಅಂತ ಸಮಾಧಾನ.

ಆಮೇಲೆ ನಂಬರ್. ಸೀರಿಯಲ್ ನಂಬರ್ ಹಿಡಿಯ ತಳದಲ್ಲಿ ಇರುತ್ತದೆ. ದೊಡ್ಡ ಮರದ ಹಿಡಿ ಹಾಕಿದ್ದರೆ ಅದು ಮುಚ್ಚಿಹೋಗಿರುತ್ತದೆ, ಒಂದು ಸ್ಕ್ರೂ ಬಿಚ್ಚಿ ನೋಡಬೇಕು. ಹಳೆಯವುಗಳಲ್ಲಿ ಅದೇ ನಂಬರ್ ಸಿಲಿಂಡರ್‌ನ ಹಿಂಬದಿಯಲ್ಲೂ ನಳಿಗೆಯ ಕೆಳಗೂ ಸಿಗುತ್ತದೆ. ಮೂರೂ ಒಂದೇ ಇದ್ದರೆ ಬಿಡಿಭಾಗ ಬದಲಾಗಿಲ್ಲ. ಮಾಡೆಲ್ 27, 28ರಂಥ ದೊಡ್ಡ ಚೌಕಟ್ಟಿನವುಗಳಲ್ಲಿ ನಂಬರ್ ಮುಂದೆ 'ಎಸ್' ಇದ್ದರೆ ಎರಡನೇ ಮಹಾಯುದ್ಧ ಮುಗಿದ ಮೇಲಿನಿಂದ 1969ರ ಸುಮಾರಿನವರೆಗಿನದು, 'ಎನ್' ಇದ್ದರೆ ಆಮೇಲಿನದು. ಮಾಡೆಲ್ ಅಂಕೆ ಹೊಡೆಯಲು ಶುರು ಮಾಡಿದ್ದು 1957ರಲ್ಲಿ. ಅದೇ ಇಲ್ಲದಿದ್ದರೆ ಇನ್ನೂ ಹಳೆಯದು, ಆಗ ಜಾಸ್ತಿ ಜೋಪಾನವಾಗಿ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ ಆ ನಂಬರ್ ಲೈಸೆನ್ಸ್ ಪುಸ್ತಕದಲ್ಲಿ ಬರೆದ ನಂಬರ್‌ಗೆ ಅಕ್ಷರ ಬಿಡದೆ ಹೊಂದಬೇಕು. ಗುಮಾಸ್ತರು ಕೈಬರಹದಲ್ಲಿ 5 ಬದಲು 6 ಬರೆದು ಮೂವತ್ತು ವರ್ಷ ಹಾಗೇ ನಡೆದುಬಂದಿರುವುದೂ ಉಂಟು. ಅದನ್ನು ಸರಿಮಾಡಿಸುವ ಕೆಲಸ ಮಾರುವವರದ್ದು, ನಿಮ್ಮದಲ್ಲ.

ಯಂತ್ರ ನೋಡುವುದು ಹೇಗೆ? ಹ್ಯಾಮರ್ ನಿಧಾನಕ್ಕೆ ಎಳೆಯಿರಿ, ಇನ್ನೊಂದು ಕೈಯ ಬೆರಳು ಸಿಲಿಂಡರ್‌ಗೆ ಹಗುರವಾಗಿ ತಾಗಿರಲಿ. ಹ್ಯಾಮರ್ ಪೂರ್ತಿ ಹಿಂದಕ್ಕೆ ನಿಲ್ಲುವುದರೊಳಗೆ ಸಿಲಿಂಡರ್ ಕಟಕ್ ಅಂತ ಕೂತುಬಿಡಬೇಕು. ತೋಟಾ ಕೂರುವ ಆರೂ ಮನೆಗೆ ಹೀಗೇ ಮಾಡಿ. ನಳಿಗೆ ಮತ್ತು ಸಿಲಿಂಡರ್ ನಡುವಿನ ಸಂದು ಒಂದೆರಡು ಕಾಗದದ ಹಾಳೆಯ ದಪ್ಪಕ್ಕಿಂತ ಹೆಚ್ಚಿರಬಾರದು. ಸಿನಿಮಾದ ಹಾಗೆ ಕೈ ಝಾಡಿಸಿ ಸಿಲಿಂಡರ್ ಮುಚ್ಚುವವರನ್ನು ಕಂಡರೆ ಆ ರಿವಾಲ್ವರ್‌ನಿಂದ ದೂರ ಇರಿ. ಸಿಲಿಂಡರ್ ಹಿಡಿದಿರುವ ತೋಳು ಬಗ್ಗಿಹೋಗಿರುತ್ತದೆ. ಚಿಕ್ಕ ಚೌಕಟ್ಟಿನ ಮಾಡೆಲ್ 19 ಆಗಿದ್ದರೆ ನಳಿಗೆಯ ಬುಡದ ಕೆಳಭಾಗಕ್ಕೆ ಟಾರ್ಚ್ ಬಿಟ್ಟು ಕೂದಲೆಳೆಯ ಬಿರುಕು ಇದೆಯಾ ನೋಡಿ. ಅಲ್ಲಿ ಲೋಹ ತೆಳು, ಬಿರುಕು ಬಿಡುವುದು ಅಲ್ಲೇ.

ಈಗ 6.5 ಲಕ್ಷದ ವಿಷಯ. ಅಮೆರಿಕದ ಬೆಲೆಯನ್ನು ಡಾಲರ್‌ನಿಂದ ಗುಣಿಸಿ ಇಲ್ಲಿಗೆ ತರಬೇಡಿ, ಎರಡೂ ಬೇರೆ ಬೇರೆ ಸಂತೆ. ಅಲ್ಲಿ ಅಪರೂಪದ ವಸ್ತುವಿಗೆ ಬೆಲೆ. 1935ರಲ್ಲಿ ಬಂದ ಮೊದಲ ಮ್ಯಾಗ್ನಮ್‌ಗಳನ್ನು ಒಬ್ಬೊಬ್ಬರ ಆರ್ಡರ್ ಮೇಲೆ ಮಾಡಿ, ಹೆಸರು ನೋಂದಾಯಿಸಿ ಪ್ರಮಾಣಪತ್ರ ಕೊಡುತ್ತಿದ್ದರು. ಬೆಲೆ 60 ಡಾಲರ್, ಆ ಬಡತನದ ಕಾಲದಲ್ಲಿ ಅದು ದೊಡ್ಡ ಮೊತ್ತ. ಇವತ್ತು ಅವೇ ಎಲ್ಲಕ್ಕಿಂತ ದುಬಾರಿ. 1955ರಲ್ಲಿ ಬಂದ ಕೋಲ್ಟ್ ಕಂಪನಿಯ ಪೈಥಾನ್ ರಿವಾಲ್ವರ್‌ಗೂ ಹುಚ್ಚು ಬೇಡಿಕೆ, ಅದರ ನೀಲಿ ಪಾಲಿಷ್‌ಗೆ ಸಾಟಿ ಇಲ್ಲ. ರೂಗರ್ ಕಂಪನಿಯ ಬ್ಲ್ಯಾಕ್‌ಹಾಕ್‌ದು ಇನ್ನೊಂದು ಕಥೆ. 1973ಕ್ಕಿಂತ ಮೊದಲಿನವಕ್ಕೆ ಕಂಪನಿಯೇ ಪುಕ್ಕಟೆ ಸುರಕ್ಷತಾ ಭಾಗ ಹಾಕಿಕೊಡುತ್ತದೆ. ಕೈಯಿಗೆ ಒಳ್ಳೆಯದು, ಸಂಗ್ರಹಕಾರರ ಕಣ್ಣಿಗೆ ಮಾತ್ರ ಬೆಲೆ ಇಳಿಯಿತು! ತೆಗೆದ ಹಳೇ ಭಾಗಗಳನ್ನು ಒಂದು ಪೊಟ್ಟಣದಲ್ಲಿ ಹಿಂದಿರುಗಿಸುತ್ತಾರೆ, ಆ ಪೊಟ್ಟಣಕ್ಕೂ ಬೆಲೆ ಇದೆ.

ನಮ್ಮಲ್ಲಿ ಹಾಗಲ್ಲ. 1980ರ ದಶಕದ ಮಧ್ಯದಲ್ಲಿ ವಿದೇಶಿ ಆಯುಧ ತರಿಸುವುದಕ್ಕೆ ತಡೆ ಬಿತ್ತು. ಅದಕ್ಕೆ ಮೊದಲು ಒಳಗೆ ಬಂದವು ಕೈಯಿಂದ ಕೈಗೆ ಓಡಾಡುತ್ತಿವೆ. ಬೋರ್ ಅಂದರೆ ನಳಿಗೆಯ ಒಳ ಅಳತೆ; 9 ಎಂಎಂ, .38, .455 ನಿಷೇಧಿತ ಬೋರ್, ಸಾಮಾನ್ಯರಿಗೆ ಸಿಗದವು. .32, .22 ಸಾಮಾನ್ಯರಿಗೆ ಸಿಗುವ ಬೋರ್, .357 ಕೂಡ ಆ ಕಡೆಗೇ ಸೇರಿಕೊಂಡು ಬಂದಿದೆ. ತಮಾಷೆ ಅಂದರೆ .38 ಸ್ಪೆಷಲ್ ಗುಂಡಿನ ಅಡ್ಡಳತೆಯೂ .357 ಇಂಚೇ. ವಿದೇಶದ್ದು ಸಿಗುವುದೇ ಕಷ್ಟ ಆದ್ದರಿಂದ ಇಲ್ಲಿ ಮಾಡೆಲ್ 28ಕ್ಕೂ ಮಾಡೆಲ್ 27ಕ್ಕೂ ಅಷ್ಟೇನೂ ವ್ಯತ್ಯಾಸ ಮಾಡುವವರಿಲ್ಲ. "ವಿದೇಶದ್ದು, ಮ್ಯಾಗ್ನಮ್" ಅನ್ನುವ ಎರಡು ಮಾತಿಗೇ ದುಡ್ಡು. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ನಿರ್ಭೀಕ್ 2014ರಲ್ಲಿ ಬಂದಾಗ ಸುಮಾರು 1.22 ಲಕ್ಷ ಇತ್ತು. ಈಗ ಖಾಸಗಿಯವರೂ .32 ಮಾಡುತ್ತಿದ್ದಾರೆ. ಹೊಸದು ಸುಲಭಕ್ಕೆ ಸಿಗುತ್ತಾ ಹೋದರೆ ಹಳೇ ವಿದೇಶಿ ಮಾಲಿನ ಬೆಲೆ ಇದೇ ರೀತಿ ನಿಲ್ಲುತ್ತದಾ ಅನ್ನುವುದು ನನ್ನ ಅನುಮಾನ. ನೀವು ಮಾರಬೇಕೆಂದರೂ ಲೈಸೆನ್ಸ್ ಇರುವವರೇ ಗಿರಾಕಿ, ಅದರಲ್ಲೂ ಇನ್ನೊಂದಕ್ಕೆ ಜಾಗ ಇರುವವರು. ಚಿನ್ನದ ಹಾಗೆ ಬೆಳಿಗ್ಗೆ ತಗೊಂಡು ಹೋಗಿ ಸಂಜೆ ದುಡ್ಡು ಎಣಿಸುವ ವಸ್ತು ಇದಲ್ಲ.

ತೋಟಾ ಲೆಕ್ಕವೂ ಸೇರಿಸಿ. .32 ತೋಟಾ ಅಂಗಡಿಯಲ್ಲಿ ಸಿಗುತ್ತದೆ. .357 ತೋಟಾಕ್ಕೆ ಅಂಗಡಿ ಅಂಗಡಿ ಅಲೆಯಬೇಕು, ಸಿಕ್ಕರೂ ಹೇಳಿದ್ದೇ ಬೆಲೆ. ಅಮೆರಿಕದವರು ಇದರಲ್ಲೇ .38 ಸ್ಪೆಷಲ್ ಹಾಕಿ ಅಭ್ಯಾಸ ಮಾಡುತ್ತಾರೆ. ನಮಗೆ ಲೈಸೆನ್ಸ್‌ನಲ್ಲಿ ಬರೆದ ಬೋರ್‌ನ ತೋಟಾ ಮಾತ್ರ.

ನನ್ನನ್ನು ಕೇಳಿದರೆ, ಬಣ್ಣ ಅಸಲಿ, ನಂಬರ್ ಎಲ್ಲ ಹೊಂದುತ್ತದೆ, ಮಾಡೆಲ್ 27 ಅಂದರೆ ಆರೂವರೆಗೆ ಕೂತು ಮಾತಾಡಬಹುದು. ಉಜ್ಜಿದ ಮಾಡೆಲ್ 28 ಆದರೆ ನಾನು ನಾಲ್ಕೂ ಕೊಡಲ್ಲ. ಡಬ್ಬ, ಹಳೇ ಅಂಗಡಿ ಬಿಲ್ಲು ಇದ್ದರೆ ಸ್ವಲ್ಪ ಮೇಲೆ ಹೋಗಿ.

ಕಾಗದದ ದಾರಿ ಹೀಗೆ. ನಿಮ್ಮ ಬಂದೂಕಿನ ಲೈಸೆನ್ಸ್‌ನಲ್ಲಿ ರಿವಾಲ್ವರ್ ತಗೊಳ್ಳಲು ಬರುವುದಿಲ್ಲ, ಮೊದಲು ಡಿಸಿ ಕಚೇರಿಯಲ್ಲಿ ಅರ್ಜಿ ಹಾಕಿ ರಿವಾಲ್ವರ್‌ಗೆ ಅನುಮತಿ ಪಡೆಯಿರಿ. ಅಷ್ಟರಲ್ಲಿ ಮಾರುವವರನ್ನು ಒಂದು ಪ್ರಶ್ನೆ ಕೇಳಿ: ಆಯುಧ ಈಗ ಯಾರ ಲೈಸೆನ್ಸ್‌ನಲ್ಲಿದೆ? ತಂದೆ ತೀರಿಕೊಂಡು ಇನ್ನೂ ಅವರ ಹೆಸರಲ್ಲೇ ಇದ್ದರೆ, ಅದು ಠಾಣೆಯಲ್ಲೋ ಡೀಲರ್ ಹತ್ತಿರವೋ ಜಮಾ ಆಗಿರಬೇಕಿತ್ತು. ಮನೆಯ ಬೀರುವಿನಿಂದ ತೆಗೆದು ತೋರಿಸಿದರೆ ಕೈ ಮುಗಿದು ಎದ್ದು ಬನ್ನಿ. ಎಲ್ಲ ಸರಿ ಇದ್ದರೆ ಅವರು ನಿಮ್ಮ ಹೆಸರು, ವಿಳಾಸ ಬರೆದು ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೋ ಹತ್ತಿರದ ಠಾಣೆಗೋ ತಿಳಿಸಬೇಕು. ಅಲ್ಲಿಂದ 45 ದಿನ ಕಳೆದ ಮೇಲೆ ಕೈ ಬದಲಾಗಬಹುದು. ದುಡ್ಡು ಆಗ, ಬ್ಯಾಂಕ್ ಮೂಲಕ.

ಸಿಲಿಂಡರ್ ತೆಗೆದು ಒಳಗಿನ ಮಾಡೆಲ್ ಅಂಕೆಯದ್ದು ಒಂದು ಫೋಟೋ, ಬಲಗಡೆ ಮುಚ್ಚಳದ್ದು ಬಿಸಿಲಿನಲ್ಲಿ ಓರೆಯಾಗಿ ಹಿಡಿದು ಇನ್ನೊಂದು ಫೋಟೋ ಮಾರುವವರಿಂದ ತೆಗೆಸಿ ಹಾಕಿ, ನೋಡಿ ಹೇಳುತ್ತೇನೆ. ಸೀರಿಯಲ್ ನಂಬರ್ ಪೂರ್ತಿ ತೋರಿಸಬೇಡಿ, ಮುಂದಿನ ಅಕ್ಷರ ಕಂಡರೆ ಸಾಕು.